ಒಲೆ ಕಿತ್ತ ದಿನ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ತಳ್ಳುಗಾಡಿಯವನು ಕಪ್ಪು ದ್ರಾಕ್ಷಿಗೆ ನೀರು ಚಿಮುಕಿಸಿದಾಗ ಏಳುವ ಹುಳಿಮಿಶ್ರಿತ ವಾಸನೆಗೆ ನಾನು ಈಗಲೂ ನಿಂತುಬಿಡುತ್ತೇನೆ. ಎದುರಿಗೆ ಫ್ಲ್ಯಾಟುಗಳಿರುವ ಜಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿತ್ತು. ದೀಪಾವಳಿ ಕಳೆದ ಮೇಲೆ ಲಾರಿಯಲ್ಲಿ ಕೆಲಸದವರು ಬಂದಿಳಿಯುತ್ತಿದ್ದರು. ನಮಗೆ ಅವರೆಲ್ಲ 'ರಾಯಚೂರು ಕಡೆಯವರು', ಅಷ್ಟೇ. ಯುಗಾದಿಯವರೆಗೆ ಚಪ್ಪರದಡಿ ಕತ್ತೆತ್ತಿ ಗೊಂಚಲು ಕೊಯ್ಯುವರು, ರೋಗ ತಗಲದಂತೆ ಬಳ್ಳಿಗೆ ಮೈಲುತುತ್ತದ ನೀಲಿ ನೀರು ಹೊಡೆಯುವರು. ಅವರ ಉಗುರೆಲ್ಲ ನೀಲಿ. ಪಂಪ್‌ಹೌಸಿನ ಪಕ್ಕ ಮೂರು ಕಲ್ಲಿನ ಒಲೆ ಹೂಡಿ ಅವರಲ್ಲೊಬ್ಬಳಾದ ಸಾಬವ್ವ ರೊಟ್ಟಿ ಬಡಿಯುತ್ತಿದ್ದರೆ, ನಾನು ಅವಳ ಮಗಳು ದ್ಯಾವಮ್ಮನ ಜೊತೆ ಅಲ್ಲೇ ಕೂತು ತಿನ್ನುತ್ತಿದ್ದೆ. ಅಮ್ಮ ಕರೆದರೂ ಏಳುತ್ತಿರಲಿಲ್ಲ.

ಅವರು ಹೊರಟ ದಿನವೇ ಅಪ್ಪ ಆ ಒಲೆ ಕೀಳಿಸಿ, ಬೂದಿ ತೆಗೆಸಿ, ಸಗಣಿ ಸಾರಿಸುತ್ತಿದ್ದರು. ಪ್ರತಿವರ್ಷವೂ ಹಾಗೆಯೇ. ಅದೇನೋ ಶಾಸ್ತ್ರವೆಂದುಕೊಂಡಿದ್ದೆ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ನಮ್ಮ ಕಡೆಯ ತೋಟದವರಿಗೆಲ್ಲ ಒಂದೇ ಭಯ: ಇವರು ಇಲ್ಲಿ ನೆಲೆಸಿದ್ದರೆಂಬ ಗುರುತು ಉಳಿದರೆ ನಾಳೆ ಭೂಮಿಯೇ ತಮ್ಮದೆಂದು ಕೇಳಿಯಾರು. ಇದು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ಒಂದು ವರ್ಷ ಸಾಬವ್ವ ನನಗೆ, "ಇವಳ್ನೂ ನಿನ್ ಸಾಲಿಗಿ ಕರ್ಕೊಂಡು ಹೋಗವ್ವ" ಎಂದಳು. ಸರ್ಕಾರಿ ಶಾಲೆಯ ಮೇಷ್ಟ್ರು ದ್ಯಾವಮ್ಮನ ವಿಳಾಸ ಕೇಳಿದಾಗ ನಾನೇ ಮುಂದೆ ಬಿದ್ದು, "ನಮ್ಮನೇಲೇ ಇರೋದು ಸಾರ್" ಎಂದೆ. ಅವರು ಅಪ್ಪನ ಹೆಸರನ್ನೂ ನಮ್ಮ ತೋಟವನ್ನೂ ಬರೆದುಕೊಂಡರು. ಗೆಳತಿಗೆ ಉಪಕಾರ ಮಾಡಿದೆನೆಂದು ಮೂರು ವಾರ ಬೀಗುತ್ತಿದ್ದೆ.

ಶಾಲೆಯ ದಾಖಲೆಯಲ್ಲಿ ದ್ಯಾವಮ್ಮನ ವಿಳಾಸ ನಮ್ಮ ತೋಟವೆಂದಿದೆಯೆಂದು ಊರಿನವರೊಬ್ಬರು ಕಿವಿಗೆ ಹಾಕಿದ ಮೇಲೆ ಅಪ್ಪ ನೇರ ಪಂಪ್‌ಹೌಸಿಗೆ ಹೋದರು. "ಸಾಬವ್ವ, ನಾಳೆ ಲಾರಿ ಬರುತ್ತೆ. ಹೊರಟ್ಬಿಡಿ."

"ನಿಮ್ ಹೊಲ ನಮಗ್ಯಾಕ್ರಿ ಗೌಡ್ರ? ಹುಡುಗಿ ನಾಕ್ ಅಕ್ಷರ ಕಲೀಲಂತ ಹಾಕೀನ್ರಿ."

ಅಪ್ಪ ಉರಿಯುತ್ತಿದ್ದ ಒಲೆಗೆ ನೀರು ಸುರಿಸಿ ಕಲ್ಲು ಕೀಳಿಸಿದರು. ಹಂಚಿನ ಮೇಲಿದ್ದ ರೊಟ್ಟಿ ಮಣ್ಣಿಗೆ ಬಿತ್ತು. ವಿಳಾಸ ಕೊಟ್ಟವಳು ನಾನೇ ಎಂದು ಅಪ್ಪನಿಗೆ ಹೇಳಿದೆ. ನನಗೆ ಒಂದೇಟೂ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ವರ್ಷ ಒಳಗೆ ಕೊರೆಯುತ್ತಿರಲಿಲ್ಲವೇನೋ. ಮರುದಿನ ಕೊಯ್ಲು ಅರ್ಧಕ್ಕೇ ಬಿಟ್ಟು ಅವರು ಹೋದರು. ಆಮೇಲೆ ಬೇರೆಯವರು ಬಂದರು, ಸಾಬವ್ವ ಮತ್ತೆಂದೂ ಬರಲಿಲ್ಲ. ಹಾಗೆ ಕಾಪಾಡಿಕೊಂಡ ಭೂಮಿಯನ್ನು ಕೊನೆಗೆ ನಾವೇ ಬಿಲ್ಡರಿಗೆ ಕೊಟ್ಟೆವು. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಅವರು ಹೋದ ಬೆಳಿಗ್ಗೆ ಮೇಷ್ಟ್ರು ಹಾಜರಿಯಲ್ಲಿ ದ್ಯಾವಮ್ಮನ ಹೆಸರು ಕೂಗಿದರು. ನಾನು ಎದ್ದು, "ಊರಿಗೆ ಹೋದ್ಲು ಸಾರ್" ಎಂದೆ.

"ಯಾವೂರಮ್ಮ? ಅಲ್ಲಿನ ಶಾಲೆಗೆ ಒಂದು ಕಾಗದ ಬರೀತೀನಿ."

ನನಗೆ ಗೊತ್ತಿರಲಿಲ್ಲ. ಮನೆಗೆ ಓಡಿ ಅಮ್ಮನನ್ನು ಕೇಳಿದೆ, ಅಜ್ಜಿಯನ್ನು ಕೇಳಿದೆ, ಕೊನೆಗೆ ಅಪ್ಪನನ್ನೂ ಕೇಳಿದೆ. ಆರು ವರ್ಷ ನಮ್ಮ ತೋಟಕ್ಕೆ ಬಂದವರ ಊರು ಯಾವುದೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.