ಅಣ್ಣ ಆರಿಸಿದ ಚಾಕು

ನನ್ನ ಅಣ್ಣ ಮಡಚುವ ಚಾಕು ಕೊಳ್ಳುವುದನ್ನು ನೋಡಬೇಕಿತ್ತು. ಹೆಣ್ಣು ನೋಡಲು ಬಂದವರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಕೊಳ್ಳುತ್ತಿದ್ದುದೇನೂ ದುಬಾರಿಯದಲ್ಲ, ಅಂಗಡಿಯಲ್ಲಿದ್ದ ಅಗ್ಗದವುಗಳಲ್ಲೇ ಒಂದು. ಆದರೆ ಅಗ್ಗದ್ದರಲ್ಲಿ ಗಟ್ಟಿಯಾದದ್ದನ್ನು ಹುಡುಕುವುದೇ ಅವನಿಗೆ ಆಟ. ಹರವೆ ಸುತ್ತಲಿನ ಹೊಲಗಳಿಂದ ಟೊಮೆಟೊ, ಬೀನ್ಸು ತುಂಬಿಕೊಂಡು ತನ್ನ ಗೂಡ್ಸ್ ಆಟೊದಲ್ಲಿ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಹಾಕುತ್ತಿದ್ದವನು ಅವನು. ಹಗ್ಗ ಕೊಯ್ಯಲು, ಚೀಲದ ಬಾಯಿ ಬಿಚ್ಚಲು, ಕೇರಳದ ವ್ಯಾಪಾರಿಗೆ ಕಲ್ಲಂಗಡಿ ಕೊಯ್ದು ತೋರಿಸಲು ಚಾಕು ಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೊಗೆಸೊಪ್ಪಿನ ಜೊತೆ ಹಾಕಿಕೊಳ್ಳಲು ಅಡಿಕೆ ಹೆರೆಯಬೇಕಿತ್ತು.

ಅಂಗಡಿಯಲ್ಲಿ ಅವನು ಅಲಗಿನ ಕಡೆ ಮೊದಲು ಕಣ್ಣೇ ಹಾಯಿಸುತ್ತಿರಲಿಲ್ಲ. ಚಾಕು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಕಟಕಟ ಅಂದರೆ ಪಕ್ಕಕ್ಕೆ. ಅನ್ನದಿದ್ದರೆ ಅಲಗನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಒತ್ತಿ ನೋಡುವುದು. ಆಮೇಲೆ ಹಿಡಿ ಮತ್ತು ಅಲಗು ಕೂಡುವ ಕಡೆ ಮೊಳೆಯನ್ನು ಎರಡೂ ಬದಿಗೆ ಸರಿಯಾಗಿ ತಟ್ಟಿದ್ದಾರೋ ಇಲ್ಲವೋ ಎಂದು ಉಗುರಿನಲ್ಲಿ ಸವರುವುದು.

"ಅಲಗ್ನ ಯಾವನ್ ಬೇಕಾದ್ರೂ ಮಸಿಬೌದು ಕಣಮ್ಮಿ. ಮೊಳೆ ಸಡ್ಲಾಯ್ತೋ, ಚಾಕು ಸತ್ತಂಗೆ. ಬಾಳಿಕೆ ಬತ್ತದಾ ಅಂತ ಮೊಳೆನೇ ಕೇಳ್ಬೇಕು" ಅನ್ನುತ್ತಿದ್ದ.

ಬಾಳಿಕೆ ಅನ್ನುವ ಮಾತು ಅವನ ಬಾಯಲ್ಲಿ ಸದಾ ಇರುತ್ತಿತ್ತು. ಚಪ್ಪಲಿ, ಬಿಂದಿಗೆ, ಟೈರು, ಎಲ್ಲಕ್ಕೂ ಅದೇ ಪ್ರಶ್ನೆ. ನನ್ನನ್ನು ನೋಡಲು ಗುಂಡ್ಲುಪೇಟೆಯಿಂದ ಗಂಡಿನವರು ಬಂದು ಹೋದ ಮೇಲೆ ಅಡುಗೆಮನೆಗೆ ಬಂದು, "ಬಾಳಿಕೆ ಬತ್ತಾನೆ, ಒಪ್ಕೊ" ಅಂದಿದ್ದ. ಆ ವಿಷಯದಲ್ಲೂ ಅವನ ಅಂದಾಜು ತಪ್ಪಾಗಲಿಲ್ಲ ಅನ್ನಬೇಕು.

ಕೆನ್ನೆಯೊಳಗೆ ಹುಣ್ಣಾದಾಗ ಮಾತ್ರ ಅವನು ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ತುಪ್ಪ ಸವರಿದ, ಜೇನು ಸವರಿದ, ಬಿಸಿಲು ಹೆಚ್ಚಾಗಿದೆ ಅಂದ. ಮೈಸೂರಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಾಯಿಗೆ ಒಂದು ಬೆರಳು ತೂರುವುದೂ ಕಷ್ಟವಾಗಿತ್ತು. ಕೆಳದವಡೆಯ ಒಂದು ಬದಿಯನ್ನೇ ತೆಗೆದರು. ಸೇರಿಸುವ ದಿನ ಗೇಟಿನಲ್ಲಿ ಸೆಕ್ಯುರಿಟಿಯವನು ಅಣ್ಣನ ಜೇಬಿನ ಚಾಕು ತೆಗೆದಿಟ್ಟುಕೊಂಡಿದ್ದ. ವಾಪಸ್ ಬರುವಾಗ ಅದನ್ನು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೆಲವು ತಿಂಗಳಿಗೆ ಕತ್ತಿನಲ್ಲಿ ಗಂಟು ಬಂತು. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ನಾನು ಒಳಗೆ ಬಂದು, ಮಾತ್ರೆ ಬದಲಾಯಿಸಿದ್ದಾರೆ ಅಂದೆ. ಅಣ್ಣ ತಲೆಯಾಡಿಸಿದ. ನಂಬಿದ ಅಂದುಕೊಂಡೆ.

ಅದಾದ ಮೇಲೆ ಹರವೆಗೆ ನೋಡಲು ಹೋಗಿದ್ದಾಗ ಅವನು ಹೊಸ ಚಾಕು ಬೇಕು ಅಂದ. ಅವನ ಮಾತು ಆಗ ನನಗೂ ಅತ್ತಿಗೆಗೂ ಬಿಟ್ಟರೆ ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ.

"ನಿಂಗ್ಯಾಕಣ್ಣ ಈಗ ಚಾಕು?"

"ಜೇಬು ಖಾಲಿ ಅನ್ನಿಸ್ತದ ಕಣಮ್ಮಿ. ಓಗನ ನಡಿ."

ನನಗಾದ ಸಂತೋಷ ಹೇಳಿದರೆ ನಗುತ್ತೀರಿ. ಚಾಕು ಕೊಳ್ಳುತ್ತೇನೆ ಅನ್ನುವವನು ಸಾಯುತ್ತಾನೆಯೇ? ಅದೂ ನಮ್ಮಣ್ಣ, ಬಾಳಿಕೆ ನೋಡದೆ ಬೆಂಕಿಪೆಟ್ಟಿಗೆಯನ್ನೂ ಕೊಳ್ಳದವನು! ಡಾಕ್ಟರಿಗೇನು ಗೊತ್ತು ಅಂತ ಮನಸ್ಸಿನಲ್ಲೇ ಬೈದು, ಅವನ ಮುಖಕ್ಕೆ ಟವೆಲ್ ಸುತ್ತಿ, ಚಾಮರಾಜನಗರದ ಬಸ್ಸು ಹತ್ತಿಸಿದೆ.

ಬೀಗ, ಅಡಕತ್ತರಿ, ಚಾಕು ಮಾರುವ ಸಾಹೇಬರ ಅಂಗಡಿಗೆ ಅವನು ಹಳೇ ಗಿರಾಕಿ. ಟವೆಲ್ ಸರಿದಾಗ ಸಾಹೇಬರು ಮುಖ ನೋಡಿ ತಕ್ಷಣ ಕಣ್ಣು ಕೆಳಗೆ ಹಾಕಿದರು. ಏನೂ ಕೇಳದೆ ಇದ್ದಬದ್ದ ಚಾಕುಗಳನ್ನೆಲ್ಲ ತಂದು ಗಾಜಿನ ಮೇಲೆ ಸುರಿದರು.

ಅಣ್ಣ ಶುರು ಮಾಡಿದ. ಕಿವಿಗೆ ಹಿಡಿದ, ಅಲ್ಲಾಡಿಸಿದ, ಒತ್ತಿದ, ಸವರಿದ. ಕೆಲಸವೆಲ್ಲ ಹಳೆಯದೇ. ಒಂದೊಂದನ್ನೇ ಪಕ್ಕಕ್ಕಿಡುತ್ತ ಕೊನೆಗೆ ಮರದ ಹಿಡಿ, ಹಿತ್ತಾಳೆ ಮೊಳೆಯ ಒಂದು ಚಾಕುವನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡ. ಬಿಚ್ಚಿ ಮುಚ್ಚಿದ. ಟಕ್ ಅಂತು.

"ಇದು ನೋಡಿ ಅಣ್ಣ ಮಾಲು! ಹತ್ತು ವರ್ಷ ಅಲ್ಲಾಡಲ್ಲ" ಅಂದರು ಸಾಹೇಬರು.

"ಅದ್ನೇ ಕೊಡಿ" ಅಂತ ನಾನು ಪರ್ಸು ತೆಗೆದೆ.

ಅಣ್ಣ ಆ ಚಾಕುವನ್ನು ಮಡಚಿ ಸಾಹೇಬರ ಕಡೆಗೆ ಸರಿಸಿದ. ಪಕ್ಕಕ್ಕಿಟ್ಟಿದ್ದ ರಾಶಿಯಿಂದ ಪ್ಲಾಸ್ಟಿಕ್ ಹಿಡಿಯದೊಂದನ್ನು ಎತ್ತಿಕೊಂಡ. ಅದರ ಕಟಕಟ ದೂರ ನಿಂತಿದ್ದ ನನಗೂ ಕೇಳಿಸಿತು.

"ಇದು ಸಾಕು" ಅಂದ.

ಆ ಮಾತನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ, ಸಾಹೇಬರಿಗೇ ಅರ್ಥವಾಯಿತು. "ಅಯ್ಯೋ, ಅದು ಬೇಡ ಅಣ್ಣ. ನೀವೇ ನೋಡಿದ್ರಲ್ಲ, ಮೊಳೆ ಸರಿ ಇಲ್ಲ. ದೀಪಾವಳಿವರೆಗೂ ಬರಲ್ಲ ಅದು."

"ಅಲ್ಲಿಗಂಟ ಬಂದ್ರೆ ಸಾಕು ಬುಡಿ" ಅಂದ ಅಣ್ಣ.

ಈ ಮಾತು ಸಾಹೇಬರಿಗೆ ತಿಳಿಯಲಿಲ್ಲ. ಏನಂದ್ರು ಅಕ್ಕಾ, ಅಂತ ನನ್ನನ್ನು ಕೇಳಿದರು. ನಾನು ಕಾಸು ಕೊಟ್ಟು ಹೊರಗೆ ಬಂದೆ.

ಬೀದಿಯಲ್ಲಿ ಅವನ ಮೇಲೆ ರೇಗಿದೆ. ಜನ ನೋಡುತ್ತಿದ್ದರೂ ರೇಗಿದೆ. "ಎಲ್ಲ ಗೊತ್ತಿಟ್ಕಂಡು ನನ್ ಮುಂದೆ ನಾಟ್ಕ ಆಡ್ದಾ? ಆ ಒಳ್ಳೇದ್ನ ತಕಂಡಿದ್ರೆ ನಿನ್ ಗಂಟೇನ್ ಓಯ್ತಿತ್ತು?"

"ಒಳ್ಳೆ ಚಾಕು ಕಣಮ್ಮಿ ಅದು. ಕೆಲ್ಸ ಮಾಡೋನ್ ಕೈಗೆ ಓಗ್ಲಿ" ಅಂದ. ಟವೆಲನ್ನು ತಾನೇ ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಹಿಂದೆ ಹಿಂದೆ ಅಳುತ್ತ ಹೋದೆ.

ಎಂಥ ವಸ್ತುವಾದರೂ ಎಷ್ಟು ದಿನ ಬರುತ್ತದೆಂದು ಕರಾರುವಾಕ್ಕಾಗಿ ಹೇಳುತ್ತಿದ್ದವನು ಆ ಒಂದು ಸಲ ಎಡವಿದ. ಗೌರಿ ಹಬ್ಬಕ್ಕೂ ಮೊದಲೇ ಹೊರಟುಹೋದ. ಆ ವರ್ಷ ನಮ್ಮಲ್ಲಿ ಯಾವ ಹಬ್ಬವೂ ಇರಲಿಲ್ಲ. ದೀಪಾವಳಿಯ ದಿನ ಹರವೆಗೆ ಹೋದಾಗ ಅತ್ತಿಗೆ ಬಾಗಿಲಲ್ಲಿ ಕೂತು ಅದೇ ಚಾಕುವಿನಲ್ಲಿ ಬೀನ್ಸು ಹೆಚ್ಚುತ್ತಿದ್ದರು. ಅದು ಇನ್ನೂ ಚೆನ್ನಾಗಿಯೇ ಕೊಯ್ಯುತ್ತಿತ್ತು.