ಊರ ಗಂಟೆ ಹಿಡಿದು ಪಕ್ಕದೂರನ್ನು ಹೊಗಳಿ ಬಂದ ವರ್ನಾ

ಬೆಳಗಿನ ಐದೂವರೆ. ಕೆನಡಾದ ಹ್ಯೂರನ್ ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಪೋರ್ಟ್ ಡೆನ್ಬಿಯ ಕಲ್ಲುಕಟ್ಟೆಯ ತುದಿಯಲ್ಲಿ ಮೂರು ಮೂಲೆಯ ಟೋಪಿ ಹಾಕಿಕೊಂಡ ಹೆಂಗಸೊಬ್ಬರು ಹೊಟ್ಟೆ ಮುಂದೆ ಮಾಡಿ, ಗದ್ದ ಮೇಲೆತ್ತಿ, ಗಂಡಸಿನ ದನಿಯಲ್ಲಿ ಕೂಗುತ್ತಿದ್ದಾರೆ. ಕೂಗುತ್ತಿರುವುದು ಹನ್ನೆರಡು ಕಿಲೋಮೀಟರ್ ಆಚೆಯ ಸ್ಯಾಂಡಿ ನೆಕ್ ಊರಿನ ಗುಣಗಾನ. ನೂರಾ ನಲವತ್ತು ಹೆಜ್ಜೆ ದೂರದಲ್ಲಿ, ಮೀನಿನ ಶೆಡ್ಡಿನ ಬಳಿ ನಿಂತ ಗಂಡ ಎಲ್‌ವುಡ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇವರು ವರ್ನಾ ಹ್ಯಾಚರ್, ಐವತ್ತೊಂಬತ್ತು ವರ್ಷ. ಪೋರ್ಟ್ ಡೆನ್ಬಿಯ ಡಂಗುರದವರು. ನಮ್ಮ ಕಡೆ ತಮಟೆ, ಇಲ್ಲಿ ಹಿತ್ತಾಳೆಯ ಗಂಟೆ. ಅಣಕಿಸುತ್ತಿರುವುದು ಸ್ಯಾಂಡಿ ನೆಕ್‌ನ ಡಂಗುರದವರಾದ ಲಾರ್ನ್ ಸ್ಟಿಕ್ನಿ ಅವರನ್ನು. ಗಂಟಲು ಬಿಸಿಯಾಗಲು ಬೇರೆಯವರು ಜೇನು ನೆಕ್ಕುತ್ತಾರೆ, ವರ್ನಾ ಲಾರ್ನ್‌ನ ಅಣಕ ಮಾಡುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಇದೇ ದಿನದ ಮೊದಲ ಕೆಲಸ.

ಅದು ಮುಗಿದ ಮೇಲೆ ಸ್ವಂತ ಊರಿನ ಸಾರಿಕೆ. ಕೇಳಿಸದ ಪ್ರತಿ ಪದಕ್ಕೂ ಎಲ್‌ವುಡ್ ಕೈ ಎತ್ತಬೇಕು. ಇವತ್ತು ಒಂದು ಸಲ ಎತ್ತಿದ್ದಾರೆ.

"ಯಾವ್ದು ಹೋಯ್ತೋ?"

"ದೀಪಸ್ತಂಭ. ಬಾಯಲ್ಲೇ ಉಳೀತು ಕಣೇ."

"ಮೊದ್ಲು ಆ ಕಿವಿ ತೊಳ್ಕೊಂಡ್ ಬಾ ಹೋಗು."

ಡಂಗುರದಿಂದ ಹೊಟ್ಟೆ ತುಂಬುವುದಿಲ್ಲ. ವರ್ನಾ ಪುರಸಭೆಯ ಕೆಲಸಗಾರ್ತಿ. ಚಳಿಗಾಲದಲ್ಲಿ ಹಿಮ ಗೋರುವ ಲಾರಿ ಓಡಿಸುತ್ತಾರೆ, ಬೇಸಿಗೆಯಲ್ಲಿ ಸ್ಮಶಾನದ ಹುಲ್ಲು ಕತ್ತರಿಸುತ್ತಾರೆ. ಶನಿವಾರದ ಸಂತೆಗೆ, ಹೊಸ ಅಂಗಡಿಯ ಬಾಗಿಲು ತೆರೆಯುವುದಕ್ಕೆ, ಕೆನಡಾ ದಿನದ ಮೆರವಣಿಗೆಗೆ ಮಾತ್ರ ಗಂಟೆ ಹಿಡಿಯುತ್ತಾರೆ. ಗಂಟೆಯ ತೂಕ ಎರಡೂವರೆ ಕಿಲೋ, ಕೆಂಪು ಉಣ್ಣೆಯ ಕೋಟು ಏಳು ಕಿಲೋ. ಜುಲೈ ಬಿಸಿಲಿನಲ್ಲಿ ಅದನ್ನು ತೊಟ್ಟು ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಾರೆ. ಸಂತೆಗೆ ಬಂದವರು ಫೋಟೋ ತೆಗೆಸಿಕೊಂಡು ಕೇಳುವ ಪ್ರಶ್ನೆ ಒಂದೇ: "ಆ ದೊಡ್ಡ ದನಿಯವರು ನೀವೇನಾ?"

"ಅಲ್ಲ, ಅವ್ನು ಪಕ್ಕದೂರಿನವ್ನು ಅಂತೀನಿ. ನಗ್ತಾ ಅಂತೀನಿ. ಒಳಗೆ ಬೆಂಕಿ ಬಿದ್ದಿರತ್ತೆ," ಎನ್ನುತ್ತಾರೆ ವರ್ನಾ. ಹೊಟ್ಟೆಕಿಚ್ಚನ್ನು ಮುಚ್ಚಿಡುವ ಜಾಯಮಾನ ಇವರದಲ್ಲ.

ಕಿಚ್ಚಿಗೆ ಕಾರಣಗಳಿವೆ. ಲಾರ್ನ್‌ಗೆ ಆರಡಿ ಮೂರಂಗುಲದ ಎತ್ತರ, ಪೀಪಾಯಿಯಂಥ ಎದೆ. ಅವರ ಕೋಟಿಗೆ ಕೈಯಿಂದ ಹೆಣೆದ ಲೇಸು, ವರ್ನಾರದ್ದಕ್ಕೆ ಹಳೆಯ ಕಿಟಕಿ ಪರದೆಯ ಲೇಸು. ಇಂಗ್ಲೆಂಡಿನ ಹ್ಯಾಲ್ಸ್‌ಕಂಬ್ ಎಂಬ ಪೇಟೆಯಲ್ಲಿ ಪ್ರತಿ ಮೇ ತಿಂಗಳು ಡಂಗುರದವರ ಪಂದ್ಯ ನಡೆಯುತ್ತದೆ. ಈ ಎರಡೂ ಊರು ಸೇರಿದ ಜಿಲ್ಲೆಯಿಂದ ಒಬ್ಬರಿಗೆ ಮಾತ್ರ ಅವಕಾಶ, ಮತ್ತು ಆ ಒಬ್ಬರು ಹನ್ನೊಂದು ವರ್ಷ ಲಾರ್ನೇ ಆಗಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಸುಡುವುದು ಅವರ ಸಾರಿಕೆಯ ಕೊನೆಯ ಸಾಲು: "ಹೊನ್ನಿನ ನೀರ ಮೇಲೆ, ಹೊನ್ನಿನ ಮರಳ ಮೇಲೆ, ಮನೆಗೆ ಮರಳುವ ಪ್ರತಿ ದೋಣಿಯ ಹಾಯಿಯ ಮೇಲೆ ಕೈಯಾಡಿಸಿ, ಸೂರ್ಯ ಸ್ಯಾಂಡಿ ನೆಕ್‌ಗೆ ಬಂದೇ ಮಲಗುತ್ತಾನೆ!" ಇಡೀ ಸಾಲು ಒಂದೇ ಉಸಿರು.

"ನಮ್ಮೂರಲ್ಲೂ ಅದೇ ಸೂರ್ಯ, ಅದೇ ನೀರಿಗೇ ಮುಳುಗ್ತಾನೆ. ಸೂರ್ಯಾಸ್ತ ಏನು ಇವನಪ್ಪನ ಮನೆ ಆಸ್ತೀನಾ?"

ಕಳೆದ ವರ್ಷ ಮಾರ್ಚ್‌ನಲ್ಲಿ ಲಾರ್ನ್‌ಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಕೂಗುವಂತಿಲ್ಲ ಎಂದರು ವೈದ್ಯರು. ಹ್ಯಾಲ್ಸ್‌ಕಂಬ್‌ಗೆ ವರ್ನಾ ಹೊರಟರು. ಕನಸು ಕೈಗೂಡಿತು, ಆದರೆ ಬದಲಿಯಾಗಿ. ಉಳಿದುಕೊಂಡ ಮನೆಯಲ್ಲಿ ಬೆಂಕಿಗೂಡಿನ ಮೇಲೆ ಲಾರ್ನ್‌ನ ಫೋಟೋ. ಬೆಳಗಿನ ಚಹಾ ಕೊಡುತ್ತ ಮನೆಯೊಡತಿ, "ನಮ್ ಲಾರ್ನ್ ಹೇಗಿದಾರಮ್ಮ? ನೀವು ಅವ್ರ ಸಹಾಯಕಿಯಾ?" ಎಂದು ಕೇಳಿದರಂತೆ. ಅದನ್ನು ನೆನೆದು ವರ್ನಾ ಇವತ್ತಿಗೂ ಹಲ್ಲು ಕಡಿಯುತ್ತಾರೆ.

ಪಂದ್ಯದ ಮುಖ್ಯ ಸುತ್ತು ತವರೂರಿನ ಸಾರಿಕೆ. ಪರದೇಶದ ಚೌಕದಲ್ಲಿ ನಿಂತು, ನೂರಿಪ್ಪತ್ತೈದು ಪದ ಮೀರದಂತೆ, ನಿಮ್ಮೂರಿಗೆ ಜನ ಬರುವ ಹಾಗೆ ನಿಮ್ಮೂರನ್ನು ಹೊಗಳಬೇಕು. ಹೆಚ್ಚಿನವರು ಸುರುಳಿ ಬಿಚ್ಚಿ ಓದುತ್ತಾರೆ. ವರ್ನಾ ಸುರುಳಿ ಮುಟ್ಟುವವರಲ್ಲ. ಲಾರ್ನ್ ಓದುತ್ತಾನೆ, ಹಾಗಾಗಿ ತಾನು ಓದಬಾರದು ಎಂಬುದು ಇವರ ಹಟ.

ಅವತ್ತು ಚೌಕದಲ್ಲಿ ಸಾವಿರ ಜನ. ಮೂರು ಸಲ ಗಂಟೆ, ಮೂರು ಸಲ ‘ಕೇಳಿರಿ’ ಎಂಬರ್ಥದ "ಓಯೇ!" ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಪಕ್ಕದವನಿಗೆ, "ಲಾರ್ನ್ ಬಂದಿಲ್ವೇನೋ?" ಎಂದದ್ದು ಕಿವಿಗೆ ಬಿತ್ತು. ಬಾಯಿ ತೆರೆಯಿತು, ಪ್ರತಿ ಬೆಳಗ್ಗೆ ಮೊದಲು ತೆರೆಯುವ ಹಾಗೆಯೇ.

"ನನ್ನ ಬಾಯಿಂದ ಸ್ಯಾಂಡಿ ನೆಕ್ ಬಂತು! ಹೊಟ್ಟೆ ಮುಂದೆ ಮಾಡ್ಕೊಂಡು, ಗದ್ದ ಎತ್ಕೊಂಡು, ಅವನ ದನೀಲೇ ಶುರು ಮಾಡ್ಬಿಟ್ಟಿದ್ದೆ. ನಡುವೆ ನಿಲ್ಸಿದ್ರೆ ಪಂದ್ಯದಿಂದ ಹೊರಗೆ. ಕಣ್ಣಲ್ಲಿ ನೀರು ಬರ್ತಿತ್ತು, ಬಾಯಿ ಅವನೂರನ್ನ ಹೊಗಳ್ತಾನೇ ಇತ್ತು."

ಕೊನೆಯ ಸಾಲಿನಲ್ಲಿ, ‘ದೋಣಿ’ ಎಂಬ ಪದಕ್ಕೆ ಮುಂಚೆ, ಒಮ್ಮೆ ಉಸಿರು ತೆಗೆದುಕೊಂಡರು. "ದೇವರು ದೊರೆಯನ್ನು ಕಾಪಾಡಲಿ" ಎಂದು ರೂಢಿಯಂತೆ ಮುಗಿಸಿ ಟೋಪಿ ತೆಗೆದಾಗ ಚೌಕವೆಲ್ಲ ಚಪ್ಪಾಳೆ. ಕಣ್ಣೀರನ್ನು ಜನ ಊರಿನ ಮೇಲಿನ ಪ್ರೀತಿ ಎಂದುಕೊಂಡರು. ಎರಡನೆಯ ಬಹುಮಾನವೂ ಬಂತು, ಹಲಗೆಯ ಮೇಲೆ ‘ಸ್ಯಾಂಡಿ ನೆಕ್‌ನ ವರ್ನಾ’ ಎಂದು ಕೆತ್ತಿಸಿಕೊಂಡು.

ವಿಡಿಯೊ ಇವರಿಗಿಂತ ಮೊದಲೇ ಊರು ಮುಟ್ಟಿತ್ತು. ಪುರಸಭೆ ಸಭೆ ಕರೆಯಿತು. ಪೋರ್ಟ್ ಡೆನ್ಬಿಯ ಗಂಟೆ ಹಿಡಿದು ಪಕ್ಕದೂರನ್ನು ಹೊಗಳಿದವರ ಕೈಯಲ್ಲಿ ಆ ಗಂಟೆ ಇರಬೇಕೇ ಎಂಬುದೇ ಚರ್ಚೆ. ಆಗಸ್ಟ್ ಹೊತ್ತಿಗೆ ಹ್ಯಾಲ್ಸ್‌ಕಂಬ್‌ನ ಏಳು ಕುಟುಂಬಗಳು ಸೂರ್ಯಾಸ್ತ ನೋಡಲು ಸ್ಯಾಂಡಿ ನೆಕ್‌ನಲ್ಲಿ ಬಂದಿಳಿದದ್ದು ಗಾಯಕ್ಕೆ ಉಪ್ಪು ಸವರಿತು. ಗಂಟೆ ವಾಪಸು ತೆಗೆದುಕೊಂಡರು. ಹೊಸಬರಿಗಾಗಿ ಅರ್ಜಿ ಕರೆದರು. ಆ ಕೋಟು ನೋಡಿ ಯಾರೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಗುಮಾಸ್ತರೊಬ್ಬರು ಗಂಟೆಯನ್ನು ತಂದು ವರ್ನಾರ ಲಾರಿಯ ಸೀಟಿನ ಮೇಲಿಟ್ಟು ಹೋದರು. ಇವರು ಸೀಟ್ ಬೆಲ್ಟ್ ಹಾಕಿ ಅದನ್ನು ಕೂರಿಸಿಕೊಂಡರು.

ಗಂಟೆ ಬಂದ ವಾರದಲ್ಲೇ ಲಾರ್ನ್ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಡಬ್ಬಿ ಬಟರ್ ಟಾರ್ಟ್ ಎಂಬ ಸಿಹಿ ತಿನಿಸು. ಪಿಸುದನಿಯಲ್ಲಿ ಹೇಳಿದ್ದು ಇಷ್ಟೇ: "ಚೆನ್ನಾಗ್ ಕೂಗ್ದೆ ವರ್ನಾ. ಆದ್ರೆ ದೋಣಿಗೆ ಮುಂಚೆ ಉಸಿರು ತಗೊಂಡೆ. ನಾನು ಯಾವತ್ತೂ ತಗೊಂಡೋನಲ್ಲ."

"ಟಾರ್ಟ್ ತಿಂದೆ. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು," ಎನ್ನುತ್ತಾರೆ ವರ್ನಾ.

ಆ ಚಳಿಗಾಲವೆಲ್ಲ ಹಿಮ ಗೋರುತ್ತ, ಲಾರಿಯೊಳಗೆ ಒಬ್ಬರೇ ಕೂತು ಪೋರ್ಟ್ ಡೆನ್ಬಿಗೆ ಹೊಸ ಸಾಲು ಕಟ್ಟಿದರು. ಅದರಲ್ಲೂ ಸೂರ್ಯಾಸ್ತವಿದೆ. ಲಾರ್ನ್‌ನ ಸಾಲಿಗಿಂತ ನಾಲ್ಕು ಪದ ಹೆಚ್ಚು. ಈ ವರ್ಷದ ಪಂದ್ಯಕ್ಕೆ ಜಿಲ್ಲೆಯಿಂದ ಯಾರೂ ಹೋಗಲಿಲ್ಲ. ಮುಂದಿನ ವರ್ಷದ ಮೇ ತಿಂಗಳಿಗೆ ಹ್ಯಾಲ್ಸ್‌ಕಂಬ್‌ನಿಂದ ಕರೆ ಬಂದಿದೆ, ಈ ಸಲ ವರ್ನಾರ ಹೆಸರಿಗೇ. ಆ ಸಾಲನ್ನು ಒಂದೇ ಉಸಿರಿನಲ್ಲಿ ದಾಟಿಸಬೇಕು.

ಈ ವರ್ಷದ ಮೇ ತಿಂಗಳಿಂದ ಮೀನಿನ ಶೆಡ್ಡಿನ ಹಿಂದೆ ಬೆಳಗ್ಗೆ ಬೆಳಗ್ಗೆ ನೀಲಿ ಕಾರೊಂದು ಬಂದು ನಿಲ್ಲುತ್ತದೆ. ಒಳಗೆ ಲಾರ್ನ್, ಕಾಫಿ ಲೋಟ ಹಿಡಿದು, ಕಿಟಕಿ ಇಳಿಸಿಕೊಂಡು. ಗಾಳಿ ಸೇವನೆಗೆ ಬಂದೆ ಎನ್ನುತ್ತಾರಂತೆ. "ಅವರೂರಲ್ಲಿ ಗಾಳಿ ಇಲ್ವಾ?" ಎನ್ನುವುದು ವರ್ನಾರ ಪ್ರಶ್ನೆ. ಆದರೂ ಅಣಕ ನಿಲ್ಲಿಸಿಲ್ಲ. ಈಗ ಇನ್ನಷ್ಟು ಜೋರಾಗಿಯೇ ಮಾಡುತ್ತಾರೆ.

ನಿಮ್ಮ ಆಸೆ ಏನು ಎಂದರೆ ಯೋಚಿಸುವುದೇ ಇಲ್ಲ. "ಅವನಂಗೆ ಆಗ್ಬೇಕು ಅಂತಿಲ್ಲಪ್ಪ. ಹತ್ತೊಂಬತ್ತು ವರ್ಷ ನಾನು ಪಟ್ಟ ಹೊಟ್ಟೆಕಿಚ್ಚನ್ನ ಅವನು ಒಂದೇ ಒಂದು ದಿನ ಪಡ್ಲಿ. ಸಾಕು."

ಆಮೇಲೆ ಟೋಪಿ ತೆಗೆದು, ಬೆವರು ಒರೆಸಿಕೊಂಡು, ದನಿ ತಗ್ಗಿಸಿ ಹೇಳುತ್ತಾರೆ:

"ಮೊನ್ನೆ ಗುರುವಾರ ನನ್ನ ಹೊಸ ಸಾಲು ಒಂದೇ ಉಸಿರಲ್ಲಿ ಬಂತು. ಎಲ್‌ವುಡ್ ಕೈ ಎತ್ಲಿಲ್ಲ. ಶೆಡ್ಡಿನ ಹಿಂದೆ ನೋಡ್ತೀನಿ, ಲಾರ್ನ್ ಕಾರಿನ ಕಿಟಕಿ ಏರಿಸ್ತಿದ್ದ. ಜೂನ್ ತಿಂಗಳು. ಚಳಿ ಇರ್ಲಿಲ್ಲ."