ಮೇಣದ ಸಾಲಿಗೆ ಹೆಬ್ಬೆರಳು ಒತ್ತದ ಗುರು

ಬೆಳಗಿನ ತರಗತಿಗೆ ಇನ್ನೂ ಯಾರೂ ಬಂದಿರಲಿಲ್ಲ. ದಂತ ಕಾಲೇಜಿನ ಪ್ರಯೋಗಾಲಯದ ಕಲ್ಲುಮೇಜಿನ ಬಳಿ ನಿಂತು ಮೇಡಂ ರಬ್ಬರ್ ಬಟ್ಟಲುಗಳನ್ನು ಒಂದೊಂದಾಗಿ ಹಿಸುಕುತ್ತಿದ್ದರು. ಹಿಂದಿನ ದಿನ ಗಟ್ಟಿಯಾಗಿದ್ದ ಪ್ಲಾಸ್ಟರ್ ಚಕ್ಕೆಚಕ್ಕೆಯಾಗಿ ತೊಟ್ಟಿಗೆ ಉದುರುತ್ತಿತ್ತು. ಇದು ಹಿರಿಯ ಪ್ರಾಧ್ಯಾಪಕರ ಕೆಲಸವಲ್ಲ. ಆದರೆ ಬಟ್ಟಲು ಕೊಳೆಯಾಗಿ ಬಿಟ್ಟವರ ಹಾಜರಿ ಕತ್ತರಿಸುವ ರೂಢಿ ಆ ವಿಭಾಗದಲ್ಲಿತ್ತು. ಯಾರು ಬಿಟ್ಟರೆಂದು ಕೇಳದೆ ಅವರು ಎಲ್ಲವನ್ನೂ ತೊಳೆದು ಬೋರಲು ಹಾಕಿದರು.

ಬೋಳು ಬಾಯಿಗೆ ಹಲ್ಲು ಕಟ್ಟಿಕೊಡುವ ವಿದ್ಯೆಯಲ್ಲಿ ಮೇಡಂ ಅವರದು ಎತ್ತರದ ಸ್ಥಾನ. ಅವರ ಪಾಠ ಕೇಳಿದವರು ಇಂದು ಎಷ್ಟೋ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ. ಕೋಟಿನ ಜೇಬಿನಲ್ಲಿ ಸದಾ ಒಂದು ತುಂಡು ಮೇಣವಿರುತ್ತಿದ್ದುದರಿಂದ ವಿದ್ಯಾರ್ಥಿಗಳು ಅವರನ್ನು ಹಿಂದಿನಿಂದ ‘ಮೇಣದಮ್ಮ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬೇಸರಪಟ್ಟಂತೆ ಕಾಣಲಿಲ್ಲ.

ಅವರು ಸೇವೆಗೆ ಸೇರಿದಾಗ ವಿಭಾಗದಲ್ಲಿ ಇನ್ನೊಂದು ರೂಢಿಯೂ ಇತ್ತು, ಇಂದಿಗೂ ಇದೆ. ವಿದ್ಯಾರ್ಥಿ ದಿನವಿಡೀ ಕುಳಿತು ಮೇಣದ ಮೇಲೆ ಕೃತಕ ಹಲ್ಲು ಜೋಡಿಸಿ ತಂದರೆ, ಒಂದು ಹಲ್ಲು ವಾರೆಯಾಗಿದ್ದರೂ ಮೇಷ್ಟ್ರು ಇಡೀ ಸಾಲಿಗೆ ಹೆಬ್ಬೆರಳು ಒತ್ತುತ್ತಾರೆ. ಸಾಲು ಕುಸಿಯುತ್ತದೆ. ತಪ್ಪು ಯಾವುದೆಂದು ಹೇಳುವುದಿಲ್ಲ. ಮೇಡಂ ಮಾತ್ರ ಮೊದಲ ವಾರದಿಂದಲೇ ವಾರೆಯಾದ ಹಲ್ಲಿನ ಕೆಳಗೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು, ಉಳಿದವನ್ನು ಇದ್ದಂತೆಯೇ ಬಿಟ್ಟು, ಅಚ್ಚನ್ನು ಹಿಂದಿರುಗಿಸುತ್ತಿದ್ದರು. ಸಹೋದ್ಯೋಗಿಗಳು ಇದನ್ನು ಮುದ್ದು ಮಾಡಿ ಕೆಡಿಸುವುದು ಎಂದರು.

ಹೋದ ವರ್ಷ ದರ್ಜಿಯೊಬ್ಬರ ಮಗಳು ಕೊನೆಯ ವರ್ಷದಲ್ಲಿದ್ದಳು. ರೋಗಿಗಳನ್ನು ವಿದ್ಯಾರ್ಥಿಗಳೇ ಹುಡುಕಿ ತರಬೇಕು, ತರದಿದ್ದರೆ ಪರೀಕ್ಷೆಯಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ನಿಂತು ಮುದುಕರ ಬಾಯಿ ನೋಡುತ್ತಾ, ಬೈಸಿಕೊಳ್ಳುತ್ತಾ, ಕಡೆಗೊಬ್ಬ ನಿವೃತ್ತ ಕಂಡಕ್ಟರ್ ಅಜ್ಜನನ್ನು ಒಪ್ಪಿಸಿ ಕರೆತಂದಳು. ಹಲವು ದಿನಗಳ ನಿದ್ದೆಗೆಟ್ಟ ಕಣ್ಣಿನಲ್ಲಿ ಎಡದ ಮುಂಬಲ್ಲನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದಳು. ಅಜ್ಜ ಆ ಮೇಣದ ಸಾಲನ್ನು ಬಾಯಲ್ಲಿಟ್ಟು ಕನ್ನಡಿ ನೋಡಿಕೊಂಡರು.

“ಇದು ನನ್ನ ನಗು ಅಲ್ಲ ಕಣಮ್ಮ, ನಮ್ಮ ಬೀಗರದ್ದು. ಗೊತ್ತಾದ್ರೆ ವಾಪಸ್ ಕೇಳ್ತಾರೆ.”

ಸುತ್ತಲಿದ್ದವರು ನಕ್ಕರು, ಅವಳೂ ನಕ್ಕಳು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಂದು, ಆ ಸಾಲನ್ನು ಬಾಯಿಂದ ತೆಗೆಸಿ, ರೋಗಿಯ ಎದುರಿಗೇ ಅದಕ್ಕೆ ಹೆಬ್ಬೆರಳು ಒತ್ತಿದರು.

“ಗಾರೆ ಕೆಲಸಕ್ಕೆ ಹೋಗು. ಅಲ್ಲಿ ಎಡ ಬಲ ಯಾರೂ ಕೇಳಲ್ಲ.”

“ಸ್ವಾಮಿ, ಹಲ್ಲು ನಂದು. ನಾನೇ ಸುಮ್ಮನಿದ್ದೀನಿ, ನಿಮಗ್ಯಾಕೆ ಸಿಟ್ಟು?” ಎಂದರು ಅಜ್ಜ. ಮುಖ್ಯಸ್ಥರು ಆಗಲೇ ಮುಂದಿನ ಕುರ್ಚಿಗೆ ಹೋಗಿದ್ದರು.

ಹುಡುಗಿ ಬಿದ್ದ ಹಲ್ಲುಗಳನ್ನು ಹೆಕ್ಕಲು ಹೋದಳು. ಬೆರಳು ನಡುಗಿ ಒಂದೂ ಕೈಗೆ ಹತ್ತಲಿಲ್ಲ. ಮೇಡಂ ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದರು.

“ಯಾವಾಗ ಮಲಗಿದ್ದೆ?”

“ನೆನಪಿಲ್ಲ ಮೇಡಂ.”

“ಊಟ?”

“ಬಸ್ಸಲ್ಲಿ ಬಿಸ್ಕತ್ತು ತಿಂದೆ. ಮೇಡಂ, ನನಗೆ ಈಗ ಬಾಯಿ ಕಂಡ್ರೇ ಹೆದರಿಕೆ ಆಗುತ್ತೆ. ಅಮ್ಮ ಆಕಳಿಸಿದ್ರೂ.”

“ಮನೆಗೆ ಹೋಗಿ ಮಲ್ಕೋ. ಕೈ ನಡುಗೋದು ನಿಂತ ಮೇಲೆ ಬಾ. ಇಲ್ಲಿ ನಾನು ಹೇಳ್ತೀನಿ.”

ಆ ಮಾತನ್ನು ನಂಬಿ ಅವಳು ಹೋದಳು. ಮೇಡಂ ಅಂದೇ ಮುಖ್ಯಸ್ಥರಿಗೆ ಹೇಳಿದರು, ವೈದ್ಯರ ಚೀಟಿಯನ್ನೂ ಕೊಡಿಸಿದರು. ಅವಳು ಸುಧಾರಿಸಿಕೊಂಡು ಮರಳುವ ಹೊತ್ತಿಗೆ ಹಾಜರಿ ಸಾಲದೆಂದು ಪರೀಕ್ಷೆಯಿಂದ ಹೊರಗಿಟ್ಟಿದ್ದರು. ಮೇಡಂ ಕಚೇರಿಯ ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕಚೇರಿಯವರು ನಿಯಮ ನಿಯಮವೇ ಎಂದರು. ಹೆಬ್ಬೆರಳು ಒತ್ತಬೇಕೆಂಬ ನಿಯಮ ಎಲ್ಲಿ ಬರೆದಿದೆಯೆಂದು ಮೇಡಂ ಕೇಳಿದ್ದಕ್ಕೆ, ನಿವೃತ್ತಿಯ ಹೊತ್ತಿನಲ್ಲಿ ಯಾಕೆ ಮನಸ್ತಾಪ ಎಂದರು.

ಕಾಲೇಜು ಸುಮ್ಮನಿರಲಿಲ್ಲ. ವಿದ್ಯಾರ್ಥಿಗಳ ಬಳಲಿಕೆಯ ಬಗ್ಗೆ ಉಪನ್ಯಾಸ ಏರ್ಪಡಿಸಿತು, ಅವರ ಊಟದ ಬಿಡುವಿನಲ್ಲಿ. ಬಾರದವರ ಹಾಜರಿ ಕತ್ತರಿಸಿತು. ದೀರ್ಘವಾಗಿ ಉಸಿರು ಬಿಡಿ, ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ತಜ್ಞರು ಹಸಿದವರಿಗೆ ಹೇಳಿದರು. ಅರ್ಧದಷ್ಟು ಮಕ್ಕಳು ಕುಳಿತಲ್ಲೇ ನಿದ್ದೆ ಹೋದರು, ಮುಖ್ಯಸ್ಥರು ಸ್ಕೇಲಿನಿಂದ ಬೆಂಚು ಬಡಿದು ಎಬ್ಬಿಸಿದರು. ಹಿಂದಿನ ಸಾಲಿನಲ್ಲಿದ್ದ ಮೇಡಂ, ತಮ್ಮ ಭುಜಕ್ಕೆ ಒರಗಿ ಮಲಗಿದ್ದ ಹುಡುಗನಿಗಾಗಿ ಕೊನೆಯವರೆಗೂ ಅಲುಗಾಡಲಿಲ್ಲ. ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಅವರನ್ನು ಮಾತೃಹೃದಯಿ ಎಂದು ಹೊಗಳಿರುವ ಎಷ್ಟೋ ಜನ ಆ ಸಭಾಂಗಣದಲ್ಲಿದ್ದರು. ಅವರಲ್ಲಿ ಒಬ್ಬರಾದರೂ ಎದ್ದು, ಮಕ್ಕಳು ಹೋಗಿ ಊಟ ಮಾಡಲಿ ಎನ್ನಲಿಲ್ಲ. ಹೊಗಳಿಕೆ ಬರೆಯುವುದು ಅದಕ್ಕಿಂತ ಸುಲಭವಿರಬೇಕು.

ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ. ಮನೆಯ ಹತ್ತಿರ ಅವರು ತೆರೆಯಲಿರುವ ಪುಟ್ಟ ಚಿಕಿತ್ಸಾಲಯಕ್ಕೆ ಕಲಿಯುವ ಮಕ್ಕಳು ಬರಲಿ, ಬಂದವರು ಉಂಡು ಕೆಲಸಕ್ಕೆ ಕೂರಲಿ, ಆ ಕಣ್ಣು ಕೈಗಳು ಬಹುಕಾಲ ಚುರುಕಾಗಿರಲಿ.

ಬೀಳ್ಕೊಡುಗೆಗೆ ಅವರಿಗೆ ಏನು ಉಡುಗೊರೆ ಕೊಡಬೇಕೆಂದು ಕೇಳಲು ಕಳೆದ ವಾರ ಪ್ರಾಂಶುಪಾಲರ ಕೋಣೆಯಲ್ಲಿ ಹಿರಿಯರೆಲ್ಲ ಸೇರಿದ್ದರು. ಗೋಡೆ ಗಡಿಯಾರವೋ, ಒರಗು ಕುರ್ಚಿಯೋ ಎಂದು ಚರ್ಚೆ ನಡೆದಿತ್ತು. ಮೇಡಂ ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

“ಎರಡೂ ಬೇಡ. ಆ ಹುಡುಗಿ ನನ್ನ ಮಾತು ಕೇಳಿ ಮನೆಗೆ ಹೋದಳು. ಅವಳನ್ನ ಪರೀಕ್ಷೆಗೆ ಕೂರಿಸಿ.”

ಮುಖ್ಯಸ್ಥರು ಅಂಗಡಿಯ ಪಟ್ಟಿಯಲ್ಲಿ ಗಡಿಯಾರಗಳ ಚಿತ್ರವಿದ್ದ ಪುಟವನ್ನು ತಿರುವಿ ಕುರ್ಚಿಗಳ ಪುಟಕ್ಕೆ ಹೋದರು.